ವಿಚಾರಣೆಗೆ ಒಳಪಟ್ಟವರು

“ಅಕ್ಕಾ, ಮೀದಿ ಏ ವಿಚಾರಣ?”

ಮಂಗಳೂರಿನಿಂದ ಬಂದು ಹೈದರಾಬಾದಿನ ಕೂಕಟ್‌ಪಲ್ಲಿಯ ಹೌಸಿಂಗ್ ಬೋರ್ಡ್ ಕಾಲೊನಿಯಲ್ಲಿ ಮನೆ ಹಿಡಿದ ಕಥೋಲಿಕ ಹೆಣ್ಣುಮಗಳನ್ನು ಭಾನುವಾರದ ಪೂಜೆ ಮುಗಿದ ಮೇಲೆ ಪಕ್ಕದ ಬೆಂಚಿನವರು ಹೀಗೆ ಕೇಳಿದರೆ ಎದೆ ಧಸಕ್ಕೆನ್ನದೆ ಇದ್ದೀತೆ? ಯಾವ ಕೇಸು, ಯಾವ ಕೋರ್ಟು? ಕೇಳಿದವರ ತಲೆಯಲ್ಲಿ ಪೊಲೀಸರೂ ಇಲ್ಲ, ವಕೀಲರೂ ಇಲ್ಲ. ನೀವು ಯಾವ ಚರ್ಚಿಗೆ ಸೇರಿದವರು ಅಂತಷ್ಟೇ. ತೆಲುಗು ಕಥೋಲಿಕರಿಗೆ ‘ವಿಚಾರಣ’ ಎಂದರೆ ಇಂಗ್ಲಿಷಿನವರ ಪ್ಯಾರಿಷ್. ಅದನ್ನು ನೋಡಿಕೊಳ್ಳುವ ಪಾದ್ರಿಗಳು ‘ವಿಚಾರಣ ಗುರುವುಲು’.

ಕನ್ನಡದ ವಿಚಾರಣೆ ಕೋರ್ಟಿನ ಮೆಟ್ಟಿಲು ಹತ್ತಿ ಬಹಳ ಕಾಲವಾಯಿತು. ವಿಚಾರಣಾಧೀನ ಕೈದಿ, ಇಲಾಖಾ ವಿಚಾರಣೆ, ವಿಚಾರಣೆ ಮುಂದೂಡಿಕೆ; ಪತ್ರಿಕೆ ಓದುವವನಿಗೆ ಬೇರೆ ಅರ್ಥ ಹೊಳೆಯುವುದೇ ಇಲ್ಲ. ಮನೆಯೊಳಗೆ ಮಾತ್ರ ಹಳೆಯ ನಡೆ ಉಳಿದಿದೆ. ಮದುವೆ ಮನೆಯಲ್ಲಿ “ಬೀಗರ ಕಡೆಯವರನ್ನು ಸ್ವಲ್ಪ ವಿಚಾರಿಸಿಕೊಳ್ಳಿ” ಎಂದರೆ ಕಾಫಿ ಆಯಿತೇ, ಕೂರಲು ಜಾಗ ಸಿಕ್ಕಿತೇ ನೋಡಿ ಎಂದರ್ಥ. “ಹೋದರೆ ಯಾರೂ ವಿಚಾರಿಸಲೇ ಇಲ್ಲ” ಎಂಬ ದೂರಿನ ನೋವು ಎಂಥದೆಂದು ಅಂಥ ಮದುವೆಗೆ ಹೋಗಿಬಂದವರಿಗೆ ಗೊತ್ತು. ಅದೇ ಕ್ರಿಯಾಪದ ಹಲ್ಲು ಕಡಿದುಕೊಂಡೂ ಬರುತ್ತದೆ: “ಇರು, ನಿನ್ನನ್ನ ಆಮೇಲೆ ವಿಚಾರಿಸ್ಕೋತೀನಿ.” ಉಪಚಾರ, ಬೆದರಿಕೆ ಎರಡನ್ನೂ ಇಷ್ಟು ಸಲೀಸಾಗಿ ಹೊರುವ ಇನ್ನೊಂದು ಮಾತು ನನಗೆ ಥಟ್ಟನೆ ನೆನಪಾಗುತ್ತಿಲ್ಲ.

ಮೂಲದಲ್ಲಿ ಇರುವುದು ‘ಚರ್’ ಧಾತು, ಅಂದರೆ ನಡೆಯುವುದು, ಓಡಾಡುವುದು. ‘ವಿ’ ಸೇರಿ ‘ವಿಚರ’ವಾದರೆ ಅಲ್ಲಿ ಇಲ್ಲಿ ಸಂಚರಿಸುವುದು. ಕಾಲು ಮಾಡುತ್ತಿದ್ದುದನ್ನು ಮನಸ್ಸು ಮಾಡತೊಡಗಿದಾಗ ವಿಚಾರ ಹುಟ್ಟಿತು. ಪತಂಜಲಿಯ ಯೋಗಸೂತ್ರದ ಸಮಾಧಿಯ ಹಂತಗಳಲ್ಲಿ, ಬೌದ್ಧರ ಧ್ಯಾನದ ಮೆಟ್ಟಿಲುಗಳಲ್ಲಿ ವಿತರ್ಕದ ಜೊತೆಗಾರನಾಗಿ ಇದು ಕೂತಿದೆ. ಅಲ್ಲಿಂದ ದಕ್ಷಿಣದ ಭಾಷೆಗಳಿಗೆ ಬಂದ ಮೇಲೆ ಒಂದೊಂದು ಮನೆಯಲ್ಲಿ ಒಂದೊಂದು ಬಣ್ಣ. ತೆಲುಗರ ‘ವಿಚಾರಂ’ ದುಃಖ, ಚಿಂತೆ. ನಮ್ಮ ‘ವಿಚಾರವಾದಿ’ ಅವರ ಕಿವಿಗೆ ಸದಾ ಅಳುಮೋರೆ ಹಾಕಿಕೊಂಡವನಂತೆ ಕೇಳಿಸಿದರೆ ತಪ್ಪು ಅವರದಲ್ಲ.

ಹಾಗಾದರೆ ಚರ್ಚಿಗೆ ಈ ಪದ ಒಗ್ಗಿದ್ದು ಹೇಗೆ? ಉತ್ತರದ ಜಾಡು ತಿರುಪತಿಯಲ್ಲಿ ಸಿಗುತ್ತದೆ. ಈಸ್ಟ್ ಇಂಡಿಯಾ ಕಂಪನಿ ದೇವಸ್ಥಾನಗಳ ಆಡಳಿತದಿಂದ ಕೈ ತೊಳೆದುಕೊಂಡಾಗ, 1843ರಲ್ಲಿ, ತಿರುಮಲೆಯ ಉಸ್ತುವಾರಿ ಹಾಥೀರಾಮ್‌ಜಿ ಮಠದ ಮಹಂತರಿಗೆ ಬಂತು. ಅವರ ಅಧಿಕಾರದ ಹೆಸರೇ ‘ವಿಚಾರಣಕರ್ತ’. 1933ರವರೆಗೆ, ಅಂದರೆ ಟಿಟಿಡಿ ಬರುವ ತನಕ, ಬೆಟ್ಟದ ಪೂಜೆ, ಆಸ್ತಿ, ಲೆಕ್ಕಪತ್ರವೆಲ್ಲ ಈ ವಿಚಾರಣೆಯಲ್ಲೇ ನಡೆಯಿತು. ಇಲ್ಲಿ ವಿಚಾರಣೆ ಎಂದರೆ ತನಿಖೆಯಲ್ಲ, ಹೊಣೆ. ದೇವರ ಮನೆಯ ಹೊಣೆ ಹೊತ್ತವನಿಗೆ ತೆಲುಗು ಸೀಮೆಯಲ್ಲಿ ಸಲ್ಲುತ್ತಿದ್ದ ಪದವನ್ನೇ ಅಲ್ಲಿನ ಕಥೋಲಿಕರೂ ಆಡುತ್ತಾರೆ. ಗುಡಿಯಾದರೇನು, ಇಗರ್ಜಿಯಾದರೇನು, ದೀಪಕ್ಕೆ ಎಣ್ಣೆ ಇದೆಯೇ ಎಂದು ಕೇಳಲು ಒಬ್ಬರು ಬೇಕಷ್ಟೆ.

ಬೇರೆಯವರು ಇದೇ ವಸ್ತುವಿಗೆ ಏನೆಂದರು ನೋಡಿ. ಪ್ಯಾರಿಷ್‌ನ ಹಿಂದಿರುವುದು ಗ್ರೀಕಿನ ‘ಪರೋಯ್ಕಿಯ’: ಪರಸ್ಥಳದಲ್ಲಿ ತಂಗಿದವರ ವಾಸ. ಎರಡು ಭಾಷೆಯಲ್ಲಿ ಪ್ರಾರ್ಥಿಸುವ ವೇಲ್ಸ್‌ನ ಚರ್ಚುಗಳಲ್ಲಿ ಇದರ ಜೋಡಿಯಾಗಿ ವೆಲ್ಷ್ ಮಾತು ‘ಪ್ಲುಯಿವ್’ ಇದೆ. ಅದು ಲ್ಯಾಟಿನ್ನಿನ ‘ಪ್ಲೆಬ್ಸ್’, ಸಾಮಾನ್ಯ ಜನ. ಇಂಗ್ಲಿಷಿನವರು ಪರದೇಶಿಗಳು, ವೆಲ್ಷರು ಪ್ರಜೆಗಳು! ಮಂಗಳೂರಿನ ಕೊಂಕಣಿಯ ‘ಫಿರ್ಗಜ್’ ಪೋರ್ಚುಗೀಸರ ‘ಫ್ರೆಗೆಸಿಯ’; ಅದರ ಬೇರು ‘ಇಗರ್ಜಿಯ ಮಕ್ಕಳು’ ಎಂಬ ಲ್ಯಾಟಿನ್ ಮಾತು. ಅದೇ ಬೇರಿನ ‘ಫ್ರೆಗೇಸ್’ ಎಂದರೆ ಪೋರ್ಚುಗೀಸ್ ಅಂಗಡಿಕಾರನಿಗೆ ಗಿರಾಕಿ ಎಂಬುದು ಬೇರೆ ಮಾತು. ನಮ್ಮ ಕನ್ನಡ ಕಥೋಲಿಕ ಬರಹದಲ್ಲಿ ಈಗ ಹೆಚ್ಚು ಕಾಣುವುದು ‘ಧರ್ಮಕೇಂದ್ರ’. ಅಚ್ಚುಕಟ್ಟಾದ ಪದ, ಆದರೆ ನಕಾಶೆಯ ಮೇಲೆ ಚುಕ್ಕೆ ಇಟ್ಟಂತೆ ಇದೆ. ಅದರೊಳಗೆ ಯಾರೂ ಯಾರನ್ನೂ ವಿಚಾರಿಸುವುದು ಕಾಣುವುದಿಲ್ಲ. ನನ್ನ ಓಟು ತೆಲುಗಿಗೆ.

ಕೂಕಟ್‌ಪಲ್ಲಿಗಂತೂ ಗ್ರೀಕ್ ಅರ್ಥವೂ ಹೊಂದುತ್ತದೆ. ಕರಾವಳಿ ಆಂಧ್ರದಿಂದ ಬಂದವರು, ಕೇರಳದವರು, ನಮ್ಮವರು, ಎಲ್ಲರೂ ಕೆಲಸದ ಬೆನ್ನು ಹತ್ತಿ ಬಂದು ತಂಗಿದವರೇ. ಲ್ಯಾಟಿನ್ನಿನ ಪೂಜೆ ಎರಡನೆಯ ವ್ಯಾಟಿಕನ್ ಮಹಾಸಭೆಯ (1962–65) ತರುವಾಯ ಜನರ ಭಾಷೆಗೆ ಇಳಿದ ಮೇಲೆ ಹೈದರಾಬಾದಿನಂಥ ಊರಲ್ಲಿ ಯಾರ ಭಾಷೆ ಎಂಬ ಪ್ರಶ್ನೆಯೂ ಬಂತು. ಒಂದೇ ಪೀಠದಲ್ಲಿ ಒಂದು ಹೊತ್ತು ತೆಲುಗು, ಇನ್ನೊಂದು ಹೊತ್ತು ಇಂಗ್ಲಿಷ್. ಮಂಗಳೂರಿನವರು ಸಾಮಾನ್ಯವಾಗಿ ಇಂಗ್ಲಿಷ್ ಪೂಜೆಗೇ ಹೋಗುತ್ತಾರೆ; ‘ಬಲಿಪೂಜ’, ‘ಜ್ಞಾನಸ್ನಾನಂ’, ‘ಕಾನುಕ’ ಅರ್ಥವಾಗದೆ ಅಲ್ಲ, ಅವು ಕನ್ನಡದವೇ ಎನ್ನುವಷ್ಟು ಹತ್ತಿರ. ಆ ಹತ್ತಿರದ ಭರವಸೆಯಲ್ಲಿ ಕೂತವರನ್ನೇ ‘ವಿಚಾರಣ’ ಬೆಚ್ಚಿಬೀಳಿಸುವುದು.

ಮದುವೆ ಗೊತ್ತಾದಾಗ ಮಾತ್ರ ಈ ಪದದ ಎರಡೂ ಮುಖ ಒಟ್ಟಿಗೆ ಕಾಣುತ್ತವೆ. ಹುಡುಗ ಹುಡುಗಿಯನ್ನು ಪಾದ್ರಿಗಳು ಬೇರೆಬೇರೆಯಾಗಿ ಕೂರಿಸಿ ಕೇಳುತ್ತಾರೆ: ಒತ್ತಾಯ ಇದೆಯೇ, ಮೊದಲೇ ಮದುವೆ ಆಗಿದೆಯೇ? ಜ್ಞಾನಸ್ನಾನ ಆದ ಚರ್ಚಿನಿಂದ ಹೊಸದಾಗಿ ಬರೆಸಿದ ಪತ್ರ ತರಬೇಕು. ಪೂಜೆಯ ಹೊತ್ತಿನಲ್ಲಿ ಇಬ್ಬರ ಹೆಸರು ಓದಿ, ಅಡ್ಡಿಯೇನಾದರೂ ಗೊತ್ತಿದ್ದವರು ತಿಳಿಸಿ ಎಂದು ಸಾರುತ್ತಾರೆ. ಕೋರ್ಟಿನ ವಿಚಾರಣೆಗೆ ಇದೇನೂ ಕಡಿಮೆಯಿಲ್ಲ. ಮದುವೆಯಾದ ಮೇಲೆ ಕೂಕಟ್‌ಪಲ್ಲಿಯ ವಿಚಾರಣದಿಂದ ಮಂಗಳೂರಿನ ಫಿರ್ಗಜ್‌ಗೆ ಕಾಗದ ಹೋಗುತ್ತದೆ. ಅಲ್ಲಿನ ಜ್ಞಾನಸ್ನಾನದ ದಫ್ತರದಲ್ಲಿ ಮಗುವಾಗಿದ್ದಾಗ ಬರೆದ ಹೆಸರಿನ ಪಕ್ಕ ಇಂಥ ದಿನ, ಇಂಥ ಊರಿನಲ್ಲಿ, ಇಂಥವರೊಡನೆ ವಿವಾಹ ಎಂದು ಸೇರಿಸುತ್ತಾರೆ.