ಮಣ್ಣಿನಡಿಯ ಪೈಪು

ಪಶ್ಚಿಮ ಆಸ್ಟ್ರೇಲಿಯಾದ ಕೂಲ್‌ಗಾರ್ಡಿಯಲ್ಲಿ 1892ರಲ್ಲಿ ಚಿನ್ನ ಸಿಕ್ಕಿತು, ಮರುವರ್ಷ ಕಾಲ್ಗೂರ್ಲಿಯಲ್ಲಿ. ನೀರು ಮಾತ್ರ ಸಿಗಲಿಲ್ಲ. ನೆಲ ತೋಡಿದರೆ ಬರುತ್ತಿದ್ದುದು ಉಪ್ಪುನೀರು. ಅದನ್ನೇ ಭಟ್ಟಿ ಇಳಿಸಿ ಮಾರುತ್ತಿದ್ದರು. ಸರ್ಕಾರದ ಮುಖ್ಯ ಎಂಜಿನಿಯರ್ ಸಿ. ವೈ. ಓಕಾನರ್ ಒಂದು ಹುಚ್ಚು ಲೆಕ್ಕ ಮುಂದಿಟ್ಟ: ಪರ್ತ್ ಬಳಿಯ ಮಂಡಾರಿಂಗ್‌ನಲ್ಲಿ ಅಣೆಕಟ್ಟು ಕಟ್ಟಿ, ಎಂಟು ಪಂಪಿಂಗ್ ಸ್ಟೇಷನ್‌ಗಳಿಂದ ಸುಮಾರು 550 ಕಿ.ಮೀ. ದೂರ ನೀರನ್ನು ತಳ್ಳುವುದು.

ಅಷ್ಟು ಉದ್ದಕ್ಕೆ ಬೇಕಾದದ್ದು 28 ಅಡಿಯ ಸುಮಾರು 60,000 ಉಕ್ಕಿನ ಪೈಪುಗಳು. ರಿವೆಟ್ ಹೊಡೆದ ಪೈಪಿನಲ್ಲಿ ಪ್ರತಿ ತೂತೂ ಸೋರುವ ಜಾಗವೇ. ಮೆಫನ್ ಫರ್ಗ್ಯುಸನ್ ಎಂಬಾತ ಎರಡು ಅರೆಕೊಳವೆಗಳನ್ನು ಉಕ್ಕಿನ ಪಟ್ಟಿಗಳಿಂದ ಅಂಚಿಗೆ ಅಂಚು ಬಿಗಿಯುವ ಉಪಾಯ ಕಂಡುಹಿಡಿದಿದ್ದ. ರಿವೆಟ್ಟೇ ಇಲ್ಲದ ಆ ನುಣುಪು ಪೈಪನ್ನು ಕಲ್ಲಿದ್ದಲ ಡಾಂಬರು, ಆಸ್ಫಾಲ್ಟ್ ಬೆರೆಸಿ ಕಾಯಿಸಿದ ತೊಟ್ಟಿಯಲ್ಲಿ ಅದ್ದಿ, ಮೇಲೆ ಮರಳು ಎರಚಿದರು. ತುಕ್ಕಿನ ಚಿಂತೆ ಅಲ್ಲಿಗೆ ಮುಗಿಯಿತು ಎಂಬ ನಂಬಿಕೆ. ಬಿಸಿಲಿಗೆ ಉಕ್ಕು ಹಿಗ್ಗಿ ಸೀಸದ ಕೀಲುಗಳು ಸಡಿಲವಾಗಬಾರದೆಂದು ಕಾಲುವೆ ತೋಡಿ ಹೂಳಿದರು.

ಪತ್ರಿಕೆಗಳ ಭ್ರಷ್ಟಾಚಾರದ ಆರೋಪಗಳಿಂದ ನೊಂದ ಓಕಾನರ್ 1902ರ ಮಾರ್ಚ್ 10ರಂದು ಫ್ರೀಮ್ಯಾಂಟಲ್ ಬಳಿಯ ಕಡಲತೀರದಲ್ಲಿ ಪ್ರಾಣ ಬಿಟ್ಟ. ಕಾಲ್ಗೂರ್ಲಿಗೆ ನೀರು ಬಂದ ಸಮಾರಂಭ ನಡೆದದ್ದು 1903ರ ಜನವರಿ 24ರಂದು.

ಆಮೇಲಿನ ಕತೆಯನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಕೆಲವೇ ವರ್ಷಗಳಲ್ಲಿ ಪೈಪು ಸೋರತೊಡಗಿತು. ಡಾಂಬರಿನ ಹೊದಿಕೆಯಲ್ಲಿ ಸಾಸಿವೆಯಷ್ಟು ಬಿರುಕಿದ್ದರೂ ಸಾಕು, ಒದ್ದೆಯಾದ ಉಪ್ಪುಮಣ್ಣು ಅಲ್ಲಿ ಸಣ್ಣ ಬ್ಯಾಟರಿಯಂತೆ ಕೆಲಸ ಮಾಡುತ್ತದೆ. ಕಬ್ಬಿಣ ಅದೇ ಚುಕ್ಕೆಯಲ್ಲಿ ಆಳಕ್ಕೆ ಕರಗುತ್ತಾ ಹೋಗುತ್ತದೆ. ಒಳಗಡೆಯೂ ತುಕ್ಕು ಗಂಟುಗಂಟಾಗಿ ಕಟ್ಟಿ ನೀರಿನ ದಾರಿ ಕಿರಿದಾಯಿತು. ಎಲ್ಲವೂ ಮಣ್ಣಿನಡಿ, ತೂತು ಬಿದ್ದು ನೆಲ ಒದ್ದೆಯಾದ ಮೇಲೆಯೇ ಸುದ್ದಿ.

1930ರ ದಶಕದಲ್ಲಿ ತೆಗೆದುಕೊಂಡ ತೀರ್ಮಾನ ನನಗೆ ಇಡೀ ಕತೆಯಲ್ಲೇ ಹೆಚ್ಚು ಇಷ್ಟ. ಹೂಳಿದ್ದ ಪೈಪನ್ನು ಅಗೆದು ಮೇಲಕ್ಕೆತ್ತಿದರು. ಅಷ್ಟರಲ್ಲಿ ವೆಲ್ಡಿಂಗ್ ಬಂದಿತ್ತು; ಕೀಲುಗಳನ್ನು ಬೆಸೆದು ಗಟ್ಟಿಯಾಗಿ ಹಿಡಿದು ನಿಲ್ಲಿಸಿದರೆ ಬಿಸಿಲಿನ ಹೆದರಿಕೆ ಇಲ್ಲ. ಒಳಗೆ ಸಿಮೆಂಟಿನ ಲೇಪ ಕೊಟ್ಟರು: ಸಿಮೆಂಟಿನ ಕ್ಷಾರಗುಣ ತಾಗಿದ ಕಡೆ ಉಕ್ಕು ತುಕ್ಕು ಹಿಡಿಯುವುದನ್ನು ನಿಲ್ಲಿಸುತ್ತದೆ. ಕೆಲವು ಕಡೆ ಉಕ್ಕಿನ ಸಹವಾಸವೇ ಬೇಡವೆಂದು ಮರದ ಹಲಗೆಗಳ ಪೈಪು ಹಾಕಿದ್ದೂ ಉಂಟು. ಹೊರಗಡೆಗೆ ಉಪ್ಪುಮಣ್ಣಿನ ಬದಲು ಒಣಗಾಳಿ.

ಈಗಲೂ ಆ ಪೈಪು ಬಹುಪಾಲು ಹೆದ್ದಾರಿಯ ಪಕ್ಕದಲ್ಲೇ ನೆಲದ ಮೇಲೆ ಸಾಗುತ್ತದೆ. ಎಲ್ಲಾದರೂ ಸೋರಿದರೆ ದಾರಿಹೋಕನ ಕಣ್ಣಿಗೂ ಬೀಳುತ್ತದೆ.