ಪ್ಲೈವುಡ್ ಕತ್ತರಿಸುವ ಮನೆ ಸಿಎನ್‌ಸಿ: ಹಜೀರಾದಿಂದ ಶುರುವಾಗುವ ಒಂದು ಕಥೆ

ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಪೂರ್ತಿ ಪ್ಲೈವುಡ್ ಹಾಳೆ ಕತ್ತರಿಸುವ ಸಿಎನ್‌ಸಿ ರೌಟರ್‌ನ ಮನೆ ಶೆಡ್ಡಿನಲ್ಲೇ ಕಟ್ಟಬಹುದಾ ಅಂದ್ರೆ, ಕಟ್ಟಬಹುದು. ಕಟ್ಟಿದವರೂ ಬೇಕಾದಷ್ಟು ಜನ ಇದ್ದಾರೆ. ಆದರೆ ಇವತ್ತು ನಾವು ಬೇರೆ ಪ್ರಶ್ನೆ ಹಾಕಿಕೊಳ್ಳೋಣ. ಒಂದು ಕಾಲಕ್ಕೆ ಸರ್ಕಾರಗಳು ಬೀಗ ಹಾಕಿ ಕಾಯುತ್ತಿದ್ದ ಈ ಯಂತ್ರ ಶೆಡ್ಡಿನವರೆಗೆ ಬಂದಿದ್ದು ಹೇಗೆ? ಬಂದ ಮೇಲೆ ಬಡಗಿಯ ಕೈಕೆಲಸದ ಗತಿ ಏನು?

ಕಥೆಯನ್ನು ಗುಜರಾತಿನ ಹಜೀರಾದಿಂದ ಶುರು ಮಾಡೋಣ. ಸೂರತ್‌ನ ಪಶ್ಚಿಮಕ್ಕೆ, ತಾಪಿ ನದಿ ಸಮುದ್ರ ಸೇರುವ ಕಡೆ ಇರುವ ಊರು ಇದು. ಪಕ್ಕದ ಸುವಾಲಿ ಕಡಲಲ್ಲೇ 1612ರಲ್ಲಿ ಇಂಗ್ಲಿಷರಿಗೂ ಪೋರ್ಚುಗೀಸರಿಗೂ ನೌಕಾಯುದ್ಧ ನಡೆದಿದ್ದು. ಸೂರತ್ ಆಗ ಹಡಗು ಕಟ್ಟುವವರ ಊರು ಕೂಡ. ಇಲ್ಲಿನ ಪಾರ್ಸಿ ಬಡಗಿ ಲವ್ಜಿ ನುಸರ್ವಾನ್ಜಿ ವಾಡಿಯಾ 1736ರಲ್ಲಿ ಬೊಂಬಾಯಿಗೆ ಹೋದರು. ಅವರ ವಂಶದವರು ಮಲಬಾರಿನ ತೇಗದಲ್ಲಿ ಕಟ್ಟಿ 1817ರಲ್ಲಿ ನೀರಿಗಿಳಿಸಿದ 'ಟ್ರಿಂಕೊಮಲಿ' ಹಡಗು ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಇವತ್ತಿಗೂ ತೇಲುತ್ತಾ ನಿಂತಿದೆ.

ಹಡಗಿನ ಕೆಲಸದಲ್ಲಿ ಒಂದು ತೊಡಕಿದೆ. ಹಡಗಿನ ಮೈಯಲ್ಲಿ ನೇರ ಗೆರೆ ಅನ್ನೋದು ಕಡಿಮೆ, ಎಲ್ಲಾ ಬಾಗು. ಕಾಗದದ ಮೇಲಿನ ಪುಟ್ಟ ನಕ್ಷೆಯನ್ನು ದೊಡ್ಡ ಮರಕ್ಕೆ ಹೇಗೆ ತರೋದು? ಹಡಗುಕಟ್ಟೆಗಳಲ್ಲಿ ಇದಕ್ಕಂತಲೇ ವಿಶಾಲವಾದ ಅಟ್ಟ ಇರುತ್ತಿತ್ತು. ಅದರ ನೆಲದ ಮೇಲೆ ಹಡಗಿನ ಗೆರೆಗಳನ್ನು ನಿಜವಾದ ಅಳತೆಯಲ್ಲೇ ಎಳೆದು, ತೆಳು ಹಲಗೆಯ ಟೆಂಪ್ಲೇಟ್ ಕೊಯ್ದು, ಅದನ್ನು ಮರದ ಮೇಲಿಟ್ಟು ಗುರುತು ಹಾಕುತ್ತಿದ್ದರು. ಮುಂದೆ ಉಕ್ಕಿನ ಹಡಗು ಬಂದಾಗಲೂ ಬಹಳ ಕಾಲ ಇದೇ ಪದ್ಧತಿ. ಅಂದ್ರೆ ಹಡಗಿನ ಆಕಾರ ಇದ್ದಿದ್ದು ಆ ಹಲಗೆಯಲ್ಲಿ ಮತ್ತು ಅದನ್ನು ಕೊಯ್ದವನ ಕಣ್ಣಲ್ಲಿ.

ಆ ಹಲಗೆಯ ಜಾಗಕ್ಕೆ ಅಂಕಿ ಬಂದಿದ್ದು ಅಮೆರಿಕದಲ್ಲಿ. ಮಿಶಿಗನ್ ರಾಜ್ಯದ ಟ್ರಾವರ್ಸ್ ಸಿಟಿಯ ಜಾನ್ ಪಾರ್ಸನ್ಸ್ ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಹೆಲಿಕಾಪ್ಟರ್ ರೆಕ್ಕೆ ತಯಾರಿಸುತ್ತಿದ್ದರು. ರೆಕ್ಕೆಯ ಬಾಗಿಗೆ ನಕ್ಷೆಯಲ್ಲಿ ಸಿಗುತ್ತಿದ್ದುದು 17 ಬಿಂದು ಮಾತ್ರ. ಜೊತೆಗಾರ ಫ್ರ್ಯಾಂಕ್ ಸ್ಟ್ಯೂಲೆನ್, ರಂಧ್ರಕಾರ್ಡು ಓದುವ ಐಬಿಎಂ ಲೆಕ್ಕದ ಯಂತ್ರ ಹಿಡಿದು ಅದನ್ನು 200 ಬಿಂದು ಮಾಡಿದರು. ಆಮೇಲೆ ಒಬ್ಬ ಅಂಕಿ ಓದೋದು, ಇಬ್ಬರು ಎರಡು ಹಿಡಿಕೆ ತಿರುಗಿಸೋದು. ಉದ್ದಕ್ಕೆ ಒಬ್ಬ, ಅಡ್ಡಕ್ಕೆ ಒಬ್ಬ. ಸಿಎನ್‌ಸಿಯ ಮೂಲ ಇಷ್ಟೇ ನೋಡಿ! ಆ ಇಬ್ಬರ ಜಾಗದಲ್ಲಿ ಇವತ್ತು ಮೋಟರ್ ಇದೆ, ಓದುವವನ ಜಾಗದಲ್ಲಿ ಕಂಪ್ಯೂಟರ್ ಇದೆ.

1949ರಲ್ಲಿ ಅಮೆರಿಕದ ವಾಯುಪಡೆ ಹಣ ಕೊಟ್ಟಿತು. 1952ರಲ್ಲಿ ಎಂಐಟಿಯವರು ಅಂಕಿ ಓದಿ ತಾನೇ ಚಲಿಸುವ ಯಂತ್ರವನ್ನು ಎಲ್ಲರಿಗೂ ತೋರಿಸಿದರು. ಹಳೇ ರೇಡಿಯೋದಲ್ಲಿ ಇರುತ್ತಿದ್ದಂಥ ಗಾಜಿನ ವಾಲ್ವ್‌ಗಳು ತುಂಬಿದ ಅದರ ಕಪಾಟು ಯಂತ್ರಕ್ಕಿಂತ ದೊಡ್ಡದಾಗಿತ್ತು.

ಅದೇ ಕಾಲದಲ್ಲಿ ಇನ್ನೊಂದು ದಾರಿಯೂ ಇತ್ತು. ನುರಿತ ಕೆಲಸಗಾರ ಮೊದಲ ಭಾಗವನ್ನು ಕೈಯಾರೆ ಮಾಡೋದು, ಅವನ ಕೈಚಲನೆಯನ್ನು ಟೇಪಿನಲ್ಲಿ ಹಿಡಿದು ಯಂತ್ರ ಅದನ್ನೇ ಮತ್ತೆ ಮತ್ತೆ ಮಾಡೋದು. ಜನರಲ್ ಎಲೆಕ್ಟ್ರಿಕ್ ಕಂಪನಿ 1940ರ ದಶಕದ ಕೊನೆಗೇ ಇದನ್ನು ಮಾಡಿತ್ತು. ಗೆದ್ದಿದ್ದು ಮಾತ್ರ ಅಂಕಿಯ ದಾರಿ. ಯಾಕೆ? ಇತಿಹಾಸಕಾರ ಡೇವಿಡ್ ನೋಬಲ್ 1984ರ ತಮ್ಮ ಪುಸ್ತಕದಲ್ಲಿ ಇಟ್ಟ ವಾದ ಹೀಗಿದೆ: ಟೇಪಿನ ದಾರಿಯಲ್ಲಿ ವಿದ್ಯೆ ಕೆಲಸಗಾರನ ಕೈಯಲ್ಲೇ ಉಳಿಯುತ್ತೆ, ಅಂಕಿಯ ದಾರಿಯಲ್ಲಿ ಅದು ಆಫೀಸಿನ ಮೇಜಿಗೆ ಹೋಗುತ್ತೆ, ಮಾಲೀಕರಿಗೆ ಬೇಕಾಗಿದ್ದು ಎರಡನೆಯದು. ಎಲ್ಲರೂ ಇದನ್ನು ಒಪ್ಪೋದಿಲ್ಲ. ವಿಮಾನದ ಕ್ಲಿಷ್ಟ ಆಕಾರಗಳನ್ನು ಕೈಯಲ್ಲಿ ಮಾಡಿ ತೋರಿಸೋದೇ ಕಷ್ಟ ಅನ್ನುವ ಮಾತೂ ಸರಿ. ಆದರೆ ನಕ್ಷೆ ಒಬ್ಬನ ಹತ್ತಿರ, ಯಂತ್ರ ಇನ್ನೊಬ್ಬನ ಹತ್ತಿರ ಅನ್ನುವ ಪಾಲು ಅಲ್ಲಿ ಗಟ್ಟಿಯಾಯಿತು. ಇದು ಮೊದಲ ಬೀಗ.

ಎರಡನೇ ಬೀಗ ದೇಶಗಳ ನಡುವಿನದು. ಜಪಾನಿನ ತೋಶಿಬಾ ಸಮೂಹದ ಒಂದು ಕಂಪನಿ, ನಾರ್ವೆಯ ಕಾಂಗ್ಸ್‌ಬರ್ಗ್ ಕಂಪನಿಯ ನಿಯಂತ್ರಕಗಳ ಜೊತೆ, ಹಡಗಿನ ಪ್ರೊಪೆಲ್ಲರ್ ಕಡೆಯುವ ಯಂತ್ರಗಳನ್ನು ಸೋವಿಯತ್ ರಷ್ಯಾಕ್ಕೆ ಗುಟ್ಟಾಗಿ ಮಾರಿತ್ತು. ಜಲಾಂತರ್ಗಾಮಿಗಳ ಸದ್ದು ಇದರಿಂದ ಕಡಿಮೆಯಾಗುತ್ತೆ ಅನ್ನೋದು ಅಮೆರಿಕದ ಸಿಟ್ಟು. 1987ರಲ್ಲಿ ಅಲ್ಲಿನ ಸಂಸದರು ಸಂಸತ್ ಭವನದ ಮುಂದೆಯೇ ತೋಶಿಬಾ ರೇಡಿಯೋವನ್ನು ಸುತ್ತಿಗೆಯಿಂದ ಒಡೆದರು! ನಮ್ಮಲ್ಲಿ 1953ರಲ್ಲಿ ಎಚ್‌ಎಂಟಿ, 1962ರಲ್ಲಿ ಸಿಎಂಟಿಐ, ಎರಡೂ ಬೆಂಗಳೂರಿನಲ್ಲೇ ಹುಟ್ಟಿದ್ದರ ಹಿಂದೆ ಇದ್ದಿದ್ದೂ ಇದೇ ಯೋಚನೆ. ಯಂತ್ರ ಮಾಡುವ ಯಂತ್ರವನ್ನು ಬೇರೆಯವರಿಂದ ಬೇಡಬಾರದು ಅಂತ.

ಬೀಗ ತೆಗೆದವರು ಯಾರು? ಒಬ್ಬರ ಹೆಸರು ಟೆಡ್ ಹಾಲ್, ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ನರವಿಜ್ಞಾನದ ಪ್ರಾಧ್ಯಾಪಕ. ಅವರಿಗೆ ಬಿಡುವಿನಲ್ಲಿ ಪ್ಲೈವುಡ್ ದೋಣಿ ಕಟ್ಟುವ ಹುಚ್ಚು. ದೋಣಿಯ ಬಾಗು ಭಾಗ ಕೊಯ್ಯೋಕೆ ಸಿಎನ್‌ಸಿ ಬೇಕು, ಬೆಲೆ ಕೇಳಿದರೆ ಕೈಗೆ ಎಟುಕದು. ತಾವೇ ಒಂದು ಕಟ್ಟಿಕೊಂಡರು, ಅದರಿಂದ 1990ರ ದಶಕದ ನಡುವೆ 'ಶಾಪ್‌ಬಾಟ್' ಕಂಪನಿ ಬೆಳೆಯಿತು. ಹಡಗುಕಟ್ಟೆಯ ಅಟ್ಟದ ಸಮಸ್ಯೆಯೇ ಮತ್ತೆ ಬಂತು ನೋಡಿ, ಬಾಗು ಗೆರೆ ಮತ್ತು ಹಲಗೆ. ಅದೇ ದಶಕದಲ್ಲಿ ಅಮೆರಿಕ ಸರ್ಕಾರದ ಎನ್‌ಐಎಸ್‌ಟಿ ಸಂಸ್ಥೆ ಬರೆದ ನಿಯಂತ್ರಣ ತಂತ್ರಾಂಶ ಸಾರ್ವಜನಿಕರ ಸ್ವತ್ತಾಯಿತು. ಹವ್ಯಾಸಿಗಳು ಅದನ್ನು ಬೆಳೆಸಿ ಮುಂದೆ 'ಲಿನಕ್ಸ್‌ಸಿಎನ್‌ಸಿ' ಮಾಡಿದರು. 2009ರಲ್ಲಿ ನಾರ್ವೆಯ ಸಿಮೆನ್ ಸ್ವಾಲೆ ಸ್ಕೋಗ್ಸ್‌ರುಡ್, ಅಂಗೈಯಲ್ಲಿ ಹಿಡಿಯುವ ಆರ್ಡುಯಿನೊ ಬೋರ್ಡಿನಲ್ಲೇ ಓಡುವ 'ಗರ್ಬಲ್' ಬರೆದು ಎಲ್ಲರಿಗೂ ಬಿಟ್ಟುಕೊಟ್ಟರು. ಎಂಐಟಿಯ ಕಪಾಟು ಅಂಗೈಗೆ ಇಳಿಯಿತು.

ಹಾಗಂತ ದೊಡ್ಡ ಹಾಳೆ ಕತ್ತರಿಸೋದು ಸುಲಭ ಅಂದುಕೋಬೇಡಿ. ಹಾಳೆ 2440 ಮಿ.ಮೀ. ಉದ್ದ, 1220 ಅಗಲ. ಅಷ್ಟುದ್ದದ ಸ್ಕ್ರೂ ಜೋರಾಗಿ ತಿರುಗಿದರೆ ಹಗ್ಗದ ಹಾಗೆ ಕುಣಿಯುತ್ತೆ. ಅದಕ್ಕೇ ಉದ್ದಕ್ಕೆ ಹಲ್ಲುಪಟ್ಟಿ ಮತ್ತು ಪಿನಿಯನ್ ಹಾಕೋದು. ಸಾಮಾನ್ಯ ಸ್ಟೆಪರ್ ಮೋಟರ್ ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತೆ. ಡ್ರೈವರ್ ಒಂದೊಂದು ಹೆಜ್ಜೆಯನ್ನೂ ಎಂಟು ಮಾಡಿದರೆ 1600. ಒಂದು ಸುತ್ತಿಗೆ 64 ಮಿ.ಮೀ. ಸಾಗಿತು ಅಂದ್ರೆ ಒಂದು ಹೆಜ್ಜೆಗೆ 0.04 ಮಿ.ಮೀ. ಪ್ಲೈವುಡ್ಡಿಗೆ ಧಾರಾಳವಾಯಿತು. ಮೇಲೆ ಓಡುವ ಅಡ್ಡ ತೊಲೆಗೆ ಎರಡೂ ಬದಿ ಮೋಟರ್ ಬೇಕು, ಎರಡೂ ಸಮ ಓಡಬೇಕು. ಒಂದು ಹಿಂದೆ ಬಿದ್ದರೆ ಕಪಾಟಿನ ಬಾಗಿಲು ಓರೆ.

ಓರೆ ಆಗಿದೆಯಾ ಅಂತ ನೋಡೋದು ಹೇಗೆ? ಹಾಳೆಯಷ್ಟೇ ದೊಡ್ಡ ಚೌಕ ಎಳೆದು ಮೂಲೆಯಿಂದ ಮೂಲೆಗೆ ಟೇಪು ಹಿಡಿಯಬೇಕು. ಎರಡೂ ಕರ್ಣ 2728 ಮಿ.ಮೀ. ಬರಬೇಕು. ಈ ವಿದ್ಯೆ ಯಾರದು? ಬಾಗಿಲ ಚೌಕಟ್ಟು ಕೂರಿಸುವ ನಮ್ಮ ಬಡಗಿಯದೇ. ಇನ್ನೊಂದು ವಿಷಯ. ಕತ್ತರಿಸುವ ಬಿಟ್ ದುಂಡಗಿರುತ್ತೆ, ಹಾಗಾಗಿ ಒಳಮೂಲೆ ಯಾವತ್ತೂ ಚೌಕಾಗಿ ಬರಲ್ಲ. ಕೂಟ ಕೂರಬೇಕಾದರೆ ಮೂಲೆಯಲ್ಲಿ ಸ್ವಲ್ಪ ಜಾಸ್ತಿ ಕೊರೆಯೋಕೆ ಅಂಕಿಯಲ್ಲೇ ಬರೆಯಬೇಕು, ಇಲ್ಲಾ ಉಳಿ ಹಿಡಿಯಬೇಕು. ಇದು ಗೊತ್ತಿಲ್ಲದ ಎಂಜಿನಿಯರ್‌ಗಿಂತ ಗೊತ್ತಿರುವ ಬಡಗಿಯೇ ಒಳ್ಳೆಯ ಪ್ರೋಗ್ರಾಂ ಬರೆಯುತ್ತಾನೆ.

ಈಗ ಹಜೀರಾಕ್ಕೆ ವಾಪಸ್ ಬನ್ನಿ. ಅಲ್ಲಿನ ಎಲ್ ಆಂಡ್ ಟಿ ಕಾರ್ಖಾನೆಯಲ್ಲೇ ಅಣು ಜಲಾಂತರ್ಗಾಮಿ ಅರಿಹಂತ್‌ನ ಒಡಲು ತಯಾರಾಗಿದ್ದು. ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಐಟಿಇಆರ್ ಸಮ್ಮಿಳನ ಸ್ಥಾವರದ 3,850 ಟನ್ ತೂಕದ ಉಕ್ಕಿನ ಕ್ರಯೋಸ್ಟಾಟ್ ಕೂಡ 54 ತುಂಡುಗಳಾಗಿ ಅಲ್ಲಿಂದಲೇ ಹೋಯಿತು. ಹತ್ತಿರದ ಸೂರತ್ ಪೇಟೆಯಲ್ಲೇ ನಮ್ಮ ಅಂಗಡಿಗಳಿಗೆ ಬರುವ ಸೀರೆಗಳ ಮೇಲೆ ಕಂಪ್ಯೂಟರ್ ಎಂಬ್ರಾಯ್ಡರಿ ಯಂತ್ರಗಳು ಹೂ ಬಿಡಿಸುತ್ತವೆ. ಬಟ್ಟೆಯ ಚೌಕಟ್ಟು ಉದ್ದಕ್ಕೆ ಒಂದು ಹೆಜ್ಜೆ, ಅಡ್ಡಕ್ಕೆ ಒಂದು ಹೆಜ್ಜೆ. ಉಕ್ಕು, ಸೀರೆ, ಪ್ಲೈವುಡ್, ಮೂರಕ್ಕೂ ಲೆಕ್ಕ ಒಂದೇ.

ಮನೆಯಲ್ಲಿ ಕಟ್ಟುವ ಯಂತ್ರದಿಂದ ದುಡ್ಡು ಉಳಿಯುತ್ತೆ, ನಿಜ. ಅದಕ್ಕಿಂತ ದೊಡ್ಡ ಲಾಭ ಬೇರೆ ಇದೆ. 1952ರಲ್ಲಿ ಬೇರೆಯಾದ ನಕ್ಷೆ ಮತ್ತು ಯಂತ್ರ ಶೆಡ್ಡಿನಲ್ಲಿ ಮತ್ತೆ ಒಬ್ಬನ ಕೈಗೇ ಬರುತ್ತವೆ. ಬಡಗಿಗೆ ಬರೀ ಹಾಳೆ ಎತ್ತಿಡುವ ಕೆಲಸ ಕೊಟ್ಟು, ಪ್ರೋಗ್ರಾಂ ಇನ್ನೆಲ್ಲಿಂದಲೋ ತರಿಸಿದರೆ ಹಳೇ ಬೀಗ ಹಾಕಿದ ಹಾಗೇ. ನಿಮ್ಮೂರಿನಲ್ಲಿ ಇಂಥ ಯಂತ್ರ ಕಟ್ಟುವವರಿದ್ದರೆ, ಪಕ್ಕದಲ್ಲಿ ಒಬ್ಬ ಬಡಗಿಯನ್ನು ಕೂರಿಸಿಕೊಂಡು ಕಟ್ಟಿ, ಅಂಕಿ ಬರೆಯೋದನ್ನೂ ಅವರಿಗೆ ಕಲಿಸಿ.