ತೆಳು ಅಟ್ಟೆಯ ಶೂ ಓಟ

ದಪ್ಪ ಮೆತ್ತೆಯಿಲ್ಲದ, ಸುಲಭವಾಗಿ ಬಾಗುವ ಅಟ್ಟೆಯ, ಬೆರಳುಗಳಿಗೆ ಅಗಲ ಜಾಗವಿರುವ ಶೂ ತೊಟ್ಟು ಓಡುವ ಪದ್ಧತಿ. ಬರಿಗಾಲ ಓಟಕ್ಕೆ ಇದು ಬಹಳ ಹತ್ತಿರ.

ನಮ್ಮ ಕಡೆಗೆ ಬರಿಗಾಲ ಓಟ ಹೊಸದಲ್ಲ, ಬೆಳಗಾವಿಗೆ ದೂರದ ಓಟವೂ ಹೊಸದಲ್ಲ. ಈ ಊರಿನ ಫಡೆಪ್ಪ ದರೆಪ್ಪ ಚೌಗುಲೆ 1920ರ ಆಂಟ್‌ವರ್ಪ್ ಒಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ 19ನೆಯವರಾಗಿ ಗುರಿ ಮುಟ್ಟಿದರು, 42.75 ಕಿ.ಮೀ. ದೂರಕ್ಕೆ ಹಿಡಿದದ್ದು 2 ಗಂಟೆ 50 ನಿಮಿಷ ಚಿಲ್ಲರೆ. ಭಾರತ ಆ ಕೂಟಕ್ಕೆ ತಂಡ ಕಳಿಸಲು ಪ್ರೇರಣೆಯಾದದ್ದು ಪುಣೆಯ ಡೆಕ್ಕನ್ ಜಿಮ್ಖಾನಾ ಕ್ರೀಡೆಗಳು. ಅಲ್ಲಿ ಬರಿಗಾಲಲ್ಲೇ ಓಡಿದ ರೈತಮಕ್ಕಳ ವೇಗ ಕಂಡು ಉದ್ಯಮಿ ದೊರಾಬ್ಜಿ ಟಾಟಾ ಬೆರಗಾಗಿದ್ದರು.

ಆದರೆ ಬಾಲ್ಯದಿಂದ ನೆಲಕ್ಕೆ ಒಗ್ಗಿದ ಪಾದವೇ ಬೇರೆ, ಮೆತ್ತನೆ ಶೂವಿನಲ್ಲಿ ಬೆಳೆದ ಪಾದವೇ ಬೇರೆ. ಬರಿಗಾಲ ಓಟಗಾರರಲ್ಲಿ ಅನೇಕರು ಪಾದದ ಮುಂಭಾಗವನ್ನು ಮೊದಲು ಊರುವುದರಿಂದ ಹಿಮ್ಮಡಿಗೆ ಬೀಳುವ ಹೊಡೆತ ತಗ್ಗುತ್ತದೆಂದು ಸಂಶೋಧಕ ಡೇನಿಯಲ್ ಲೀಬರ್‌ಮನ್ 2010ರಲ್ಲಿ ತೋರಿಸಿದರು. ಹೊಡೆತ ತಗ್ಗಿದರೂ ಹೊರೆ ಮಾಯವಾಗದು; ಮೀನಖಂಡಕ್ಕೂ ಪಾದದ ಸಣ್ಣ ಎಲುಬುಗಳಿಗೂ ಅದು ವರ್ಗವಾಗುತ್ತದೆ. 2013ರ ಒಂದು ಅಧ್ಯಯನದಲ್ಲಿ, 10 ವಾರಗಳಲ್ಲಿ ತೆಳು ಅಟ್ಟೆಯ ಶೂಗೆ ಬದಲಾದವರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿಯ ಪಾದದ ಎಲುಬಿನ ಮಜ್ಜೆಯಲ್ಲಿ ಊತ ಕಂಡಿತು.

ಆದ್ದರಿಂದ ಆತುರ ಸಲ್ಲದು. ಮೊದಲು ನಡಿಗೆ, ಆಮೇಲೆ ಕೆಲವೇ ನಿಮಿಷಗಳ ಓಟ. ಉಳಿದ ದೂರಕ್ಕೆ ಹಳೆಯ ಶೂಗಳೇ ಇರಲಿ. ಸ್ನಾಯು ಬೇಗ ಬಲಿಯುತ್ತದೆ, ಎಲುಬಿಗೆ ತಿಂಗಳುಗಳು ಬೇಕು. ಪಾದದ ಮೇಲ್ಭಾಗದಲ್ಲಿ ಒಂದೇ ಕಡೆ ಒತ್ತಿದಾಗ ನೋವಾದರೆ ಓಟ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು.

ಓಡುವ ನೆಲವನ್ನೂ ನೋಡಿಕೊಳ್ಳಬೇಕು. ಬೆಳಗಾವಿ ಜಿಲ್ಲೆಯ ಖಾನಾಪುರದ ಕಾಡಂಚಿನ ಕೆಮ್ಮಣ್ಣಿನ ಹಾದಿಗಳು ಡಾಂಬರಿಗಿಂತ ಮೃದುವಾದರೂ, ಮಳೆಗಾಲದಲ್ಲಿ ಜಾರುತ್ತವೆ. ಜಂಬಿಟ್ಟಿಗೆಯ ಹರಳುಗಳು ತೆಳು ಅಟ್ಟೆಯ ಮೂಲಕ ನೇರವಾಗಿ ಚುಚ್ಚುತ್ತವೆ.